ಮಗ್ಗ ಓದುವ ಬರಹ

ಶಹಾಪುರವೆಂಬ ಹೆಸರು ಕನ್ನಡಿಗರ ಕಿವಿಗೆ ಹೊಸದಲ್ಲ. ಯಾದಗಿರಿ ಜಿಲ್ಲೆಯಲ್ಲೊಂದುಂಟು, ಒಂದು ಕಾಲಕ್ಕೆ ಸಾಂಗಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿದ್ದು, ಸೀರೆಗಳಿಂದ ಹೆಸರಾಗಿ, ಈಗ ಬೆಳಗಾವಿ ನಗರದೊಳಗೆ ಬೆರೆತುಹೋಗಿರುವ ಶಹಾಪುರ ಇನ್ನೊಂದು. ನಾನಿಲ್ಲಿ ಹೇಳಹೊರಟಿರುವುದು ಇವೆರಡೂ ಅಲ್ಲದ ಮೂರನೆಯದನ್ನು; ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ತಾಲ್ಲೂಕಿನಲ್ಲಿ, ಪಂಚಗಂಗೆಯ ಸೀಮೆಯಲ್ಲಿ, ಇಚಲಕರಂಜಿಗೆ ಅಂಟಿಕೊಂಡಿರುವ ಶಹಾಪುರವನ್ನು. ಕೃಷ್ಣೆಯೂ ಅವಳ ಉಪನದಿಗಳೂ ಹರಿಯುವ ಈ ನೆಲದಲ್ಲಿ ಮರಾಠಿ ಎಲ್ಲಿ ಮುಗಿದು ಕನ್ನಡ ಎಲ್ಲಿ ಮೊದಲಾಗುವುದೆಂಬುದನ್ನು ನಕಾಶೆ ಹೇಳೀತೇ ಹೊರತು ಮಗ್ಗದ ಮನೆಯೊಳಗಿನ ಮಾತು ಹೇಳಲಾರದು. ಫಣಿಯೂ ಹಣಿಗೆಯೂ, ಕಾಂಡಿಯೂ ಕಂಡಿಕೆಯೂ ಇಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ.

ಇಚಲಕರಂಜಿಯು ಕೊಲ್ಹಾಪುರದ ಅಧೀನದಲ್ಲಿದ್ದ ಘೋರ್ಪಡೆಯವರ ಜಹಗೀರಾಗಿತ್ತು. ಪೇಶ್ವೆ ಬಾಳಾಜಿ ವಿಶ್ವನಾಥನ ಮಗಳು ಅನುಬಾಯಿ ಈ ಮನೆತನಕ್ಕೆ ಸೊಸೆಯಾಗಿ ಬಂದವಳಾದುದರಿಂದ ಪುಣೆಯ ದರಬಾರಿನೊಡನೆ ಇದಕ್ಕಿದ್ದ ಸಂಬಂಧ ರಾಜಕೀಯದ್ದಷ್ಟೇ ಅಲ್ಲ, ನೆಂಟಸ್ತಿಕೆಯದೂ ಹೌದು. ಆದರೆ ಊರಿಗೆ ಇಂದಿನ ರೂಪ ಬಂದುದು ಕತ್ತಿಯಿಂದಲ್ಲ, ಲಾಳಿಯಿಂದ. ಜಹಗೀರುದಾರರಾದ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಪ್ರೋತ್ಸಾಹವಿದ್ದ ಕಾಲದಲ್ಲಿ, 1904ರಲ್ಲಿ, ವಿಠ್ಠಲರಾವ್ ದಾತಾರರೆಂಬವರು ಇಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದರು. ಕೈಮಗ್ಗದ ಊರು ಯಂತ್ರಮಗ್ಗದ ಊರಾಯಿತು. ಮಗ್ಗವನ್ನು ಹಿಂಬಾಲಿಸಿ ನೇಕಾರರು ಬಂದರು, ಅವರಲ್ಲಿ ಕನ್ನಡ ಮನೆಮಾತಿನವರೂ ಬಂದರು. ಮುಂದಿನ ಕಥೆಯನ್ನು, ಅಂದರೆ ಸೀರೆಯಿಂದ ಧೋತರ, ಮಲ್ಲು, ಪಾಪ್ಲಿನ್‌ಗಳವರೆಗಿನ ವಿಸ್ತಾರವನ್ನು, ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂಬ ಬಿರುದನ್ನು, 2022ರಲ್ಲಿ ದೊರೆತ ಮಹಾನಗರಪಾಲಿಕೆಯ ಪದವಿಯನ್ನು ಇಲ್ಲಿ ಬೆಳೆಸುವುದಿಲ್ಲ. ನನಗೆ ಬೇಕಾದುದು ಆ ಮಗ್ಗಗಳಲ್ಲಿ ಕೆಲವುಗಳ ನೆತ್ತಿಯ ಮೇಲೆ ಕುಳಿತ ಒಂದು ಸಣ್ಣ ಯಂತ್ರ, ಮತ್ತು ಆ ಯಂತ್ರವು ಓದುತ್ತಿದ್ದ ಬರಹ.

ಸಾದಾ ಬಟ್ಟೆಯನ್ನು ನೇಯುವ ಯಂತ್ರಮಗ್ಗಕ್ಕೆ ಓದಬೇಕಾದ ಬರಹವೇನೂ ಇಲ್ಲ. ಹಾಸಿನ ಎಳೆಗಳಲ್ಲಿ ಅರ್ಧವನ್ನು ಎತ್ತುವುದು, ಲಾಳಿ ಹಾಯುವುದು, ಉಳಿದರ್ಧವನ್ನು ಎತ್ತುವುದು, ಲಾಳಿ ಮರಳುವುದು. ಇಷ್ಟನ್ನೂ ಕೆಳದಂಡದ ಮೇಲೆ ಬಿಗಿದ ಟ್ಯಾಪೆಟ್ಟೆಂಬ ಎರಕದ ತುಂಡುಗಳು ತಮ್ಮ ಆಕಾರದಿಂದಲೇ ಮಾಡಿಸುತ್ತವೆ. ನೇಯ್ಗೆಯ ವಿಧಿಯು ಕಬ್ಬಿಣದ ಆಕೃತಿಯಲ್ಲಿ ಲೀನವಾಗಿರುವುದರಿಂದ, ವಿಧಿಯನ್ನು ಬದಲಿಸಬೇಕಾದರೆ ಮಗ್ಗವನ್ನು ನಿಲ್ಲಿಸಿ, ಮಗ್ಗ ದುರಸ್ತಿಯ ಜಾಬರನನ್ನು ಕರೆಸಿ, ಕಬ್ಬಿಣವನ್ನೇ ಬದಲಿಸಬೇಕು. ಸೀರೆಗೆ ಇದು ಸಾಲದು. ಅಂಚಿಗೊಂದು ಕುಸುರಿ ಬೇಕು, ಸೆರಗು ಬಂದಾಗ ವಿನ್ಯಾಸ ಬೇರೆಯಾಗಬೇಕು, ಈ ವರ್ಷ ಪೇಟೆಯಲ್ಲಿ ಓಡಿದ ಅಂಚು ಮುಂದಿನ ವರ್ಷ ಓಡದು. ಆದುದರಿಂದ ವಿಧಿಯನ್ನು ಯಂತ್ರದೇಹದಿಂದ ಬಿಡಿಸಿ ಹೊರಗಿಡುವ ಉಪಾಯವೊಂದು ಅವಶ್ಯವಾಯಿತು. ಆ ಉಪಾಯಕ್ಕೆ ಡಾಬಿಯೆಂದು ಹೆಸರು. ಇಂಗ್ಲೆಂಡಿನ ಕೀತ್ಲಿ ಪಟ್ಟಣದಲ್ಲಿ ಹ್ಯಾಟರ್‌ಸ್ಲೆ ಮತ್ತು ಸ್ಮಿತ್ ಎಂಬವರು 1867ರಲ್ಲಿ ಹಕ್ಕುಪತ್ರ ಪಡೆದ ಮಾದರಿಯೇ ಲೋಕದ ಬಹುಪಾಲು ಯಂತ್ರಮಗ್ಗಗಳ ಡಾಬಿಗೆ ಮೂಲ. ಮರದ ಪಟ್ಟಿಗಳನ್ನು ಸರಪಳಿಯಂತೆ ಕೋದು, ಪಟ್ಟಿಗಳ ತೂತುಗಳಲ್ಲಿ ಬೇಕಾದೆಡೆ ಗೂಟ ಹೊಡೆದು, ಬೇಡವಾದೆಡೆ ಬರಿದು ಬಿಟ್ಟು ಸುತ್ತಲು ಬಿಟ್ಟರೆ, ಗೂಟವಿದ್ದ ಕಡೆಯ, ಹಾಸಿನ ಎಳೆಗಳನ್ನು ಹಿಡಿದ ಚೌಕಟ್ಟು ಏಳುತ್ತದೆ, ಇಲ್ಲದ ಕಡೆಯದು ತಣ್ಣಗಿರುತ್ತದೆ. ಎಂಟು ಚೌಕಟ್ಟುಗಳ ಡಾಬಿಯಲ್ಲಿ ಒಂದು ಹೊಕ್ಕಿಗೆ ಸಾಧ್ಯವಾದ ಏಳುವಿಕೆಗಳು 256. ಎಲ್ಲವೂ ಏಳುವ ಮತ್ತು ಯಾವುದೂ ಏಳದ ಎರಡನ್ನು ಕಳೆದರೆ ಕೆಲಸಕ್ಕೆ ಬರುವವು 254. ನಿಮಿಷಕ್ಕೆ ನೂರಕ್ಕೂ ಮಿಗಿಲಾಗಿ ಲಾಳಿ ಹಾಯುವ ಮಗ್ಗವು ಆ ಪ್ರತಿಯೊಂದು ಹೊಕ್ಕಿಗೂ ಮುನ್ನ ಈ ಬರಹದ ಒಂದು ಸಾಲನ್ನು ಓದಿ, ಆ ಕ್ಷಣದಲ್ಲಿಯೇ ಅದರ ಅರ್ಥವನ್ನು ನಿರ್ಣಯಿಸಿ, ನಡೆಯುತ್ತದೆ.

ಗಣಕವಿದ್ಯೆಯ ಈಚಿನ ಇತಿಹಾಸವನ್ನು ಬಲ್ಲವರಿಗೆ ಬರಹವನ್ನು ನಡೆಯುತ್ತಲೇ ಓದಿ ಅರ್ಥಮಾಡುವ ಈ ರೀತಿಯು ಪರಿಚಿತವೆನಿಸೀತು. ಎಕ್ಸ್‌ಎಂಎಲ್ ಎಂಬ ದಾಖಲೆಯ ರೂಪವು, ಐಬಿಎಮ್ ಸಂಸ್ಥೆಯಲ್ಲಿ 1969ರಲ್ಲಿ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು ಆರಂಭಿಸಿ, 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತಾರಾಷ್ಟ್ರೀಯ ಮಾನಕವಾಗಿ ಬೆಳೆದ ಪರಂಪರೆಯ ಸಂಕ್ಷಿಪ್ತ ಸಂತಾನವಾಗಿ, 1998ರ ಫೆಬ್ರುವರಿ 10ರಂದು ಲೋಕಕ್ಕೆ ಬಂದಿತು. ಅದರೊಳಗಿನ ಹೆಸರುಗಳು ಯಾವ ಲಿಪಿಯವಾದರೂ ಆಗಬಹುದು. ಶಹಾಪುರದ ಮಗ್ಗದ ಮಾಲಿಕನು ತನ್ನ ಲೆಕ್ಕದಲ್ಲಿ ತಾಗಾ (ನೇಯ್ದಿಳಿಸಿದ ಬಟ್ಟೆಯ ತುಂಡು), ಹಾಸು, ಮಜೂರಿ ಎಂಬ ಪದಗಳನ್ನೇ ಕನ್ನಡದಲ್ಲಿ ಗುರುತುಗಳಾಗಿ ಇಡಲು ಶಾಸ್ತ್ರದ ಅಡ್ಡಿಯಿಲ್ಲ. ಹಾಗೆ ಕಟ್ಟಿದ ದಾಖಲೆಯೊಳಗಿಂದ, ನೂರು ಮೀಟರಿಗೆ ಮಿಗಿಲಾದ ತಾಗಾಗಳಷ್ಟನ್ನೇ ಆಯ್ದು ಕೊಡು, ಎಂಬಂತಹ ಪ್ರಶ್ನೆಯನ್ನು ಚುಟುಕಾಗಿ ಬರೆಯುವ ಭಾಷೆಯೇ ಎಕ್ಸ್‌ಪಾತ್. ಇದು 1999ರ ನವೆಂಬರಿನಲ್ಲಿ, ದಾಖಲೆಯನ್ನು ರೂಪಾಂತರಿಸುವ ಎಕ್ಸ್‌ಎಸ್‌ಎಲ್‌ಟಿಯೊಡನೆ ಅವಳಿಯಾಗಿ ಪ್ರಕಟವಾಯಿತು.

ಇದು ದೂರದ ಮಾತೆಂದು ತೋರಬಾರದು. ಬೆಂಗಳೂರಿನ ಟ್ಯಾಲಿಯೆಂಬ ಲೆಕ್ಕಪತ್ರದ ತಂತ್ರಾಂಶವು ತನ್ನ ಲೆಕ್ಕವನ್ನು ಬೇರೊಂದು ತಂತ್ರಾಂಶಕ್ಕೆ ಒಪ್ಪಿಸುವಾಗ ಬಳಸುವ ರೂಪಗಳಲ್ಲಿ ಎಕ್ಸ್‌ಎಂಎಲ್ ಒಂದು. ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯವು 2011ರಿಂದ ಕೆಲವು ವರ್ಗದ ಕಂಪನಿಗಳ ಹಣಕಾಸಿನ ವಿವರಪತ್ರಗಳನ್ನು ಕೇಳುತ್ತಿರುವುದೂ ಎಕ್ಸ್‌ಎಂಎಲ್‌ನ ಮೇಲೆ ಕಟ್ಟಿದ ಎಕ್ಸ್‌ಬಿಆರ್‌ಎಲ್ ರೂಪದಲ್ಲಿಯೇ. ಇಂತಹ ದಾಖಲೆಗಳನ್ನು ರೂಪಾಂತರಿಸುವ ಮೊದಲಿನ ಎಕ್ಸ್‌ಎಸ್‌ಎಲ್‌ಟಿಯಲ್ಲಿ ಒಂದು ಕಟ್ಟುಪಾಡಿದ್ದಿತು: ಕ್ರಮವಿಧಿಯನ್ನು ಬರೆಯುವಾಗಲೇ ಪ್ರಶ್ನೆಯು ಅದರೊಳಗೆ ಸ್ಥಿರವಾಗಬೇಕು, ನಡೆಯುತ್ತಿರುವಾಗ ಎಲ್ಲಿಂದಲೋ ಬಂದ ಅಕ್ಷರಮಾಲೆಯನ್ನು ಪ್ರಶ್ನೆಯೆಂದು ತಿಳಿದು ಅರ್ಥಮಾಡುವಂತಿಲ್ಲ. ಅಂದರೆ ಟ್ಯಾಪೆಟ್ ಮಗ್ಗದ ನ್ಯಾಯ. ಬಳಸುವವರಿಗೆ ಇದು ಸಾಲದಾಯಿತು. ಯಾವ ಕಾಲಂ ಬೇಕು, ಯಾವ ಷರತ್ತಿಗೆ ಒಳಪಟ್ಟದ್ದು ಬೇಕು ಎಂಬುದು ಕುಳಿತು ನೋಡುವವನ ಇಚ್ಛೆಯಂತೆ ಬದಲಾಗುವಾಗ ಪ್ರತಿ ಸಲವೂ ಕ್ರಮವಿಧಿಯನ್ನು ತಿದ್ದಲಾಗುವುದೇ? ಮೈಕೇಲ್ ಕೇ ಅವರ ಸ್ಯಾಕ್ಸನ್ ಮೊದಲಾದ ತಂತ್ರಾಂಶಗಳು ನಡೆಯುತ್ತಿರುವಾಗ ಬಂದ ಪ್ರಶ್ನೆಯನ್ನು ಅರ್ಥಮಾಡುವ ಸೌಲಭ್ಯವನ್ನು ತಮ್ಮದೇ ಜವಾಬ್ದಾರಿಯಲ್ಲಿ ಸೇರಿಸಿದುವು. ಎಕ್ಸ್‌ಎಸ್‌ಎಲ್‌ಟಿಯ ಮಾನಕವು ಅದನ್ನು ಅಧಿಕೃತವಾಗಿ ಒಪ್ಪಿದುದು 2017ರ ಮೂರನೆಯ ಆವೃತ್ತಿಯಲ್ಲಿ, ಅದೂ ಬೇಡವೆಂದವರು ಬಿಡಬಹುದೆಂಬ ಐಚ್ಛಿಕ ಅಂಗವಾಗಿ. ಸೀರೆಯ ಅಂಚಿಗಾಗಿ ನೇಕಾರಿಕೆಯು ಬಹುಹಿಂದೆ ದಾಟಿದ್ದ ಹೊಳೆಯನ್ನು ದಾಖಲೆಗಳ ಲೋಕವು ಹದಿನೆಂಟು ವರ್ಷ ದಡದಲ್ಲಿ ಕುಳಿತು ಯೋಚಿಸಿ ದಾಟಿತು.

ಬರಹವನ್ನು ಯಂತ್ರದಿಂದ ಬೇರ್ಪಡಿಸಿದ ಕೀರ್ತಿಯೆಲ್ಲ ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರೀ ಜಕಾರ್ಡನಿಗೆ ಸಂದಿರುವುದು ರೂಢಿ. ತೂತಿನ ರಟ್ಟುಗಳನ್ನು ಓದುವ ಅವನ 1804ರ ಯಂತ್ರಕ್ಕೂ ಹಿಂದೆ 1725ರಲ್ಲಿ ಬುಶೋನನೆಂಬವನು ತೂತು ಹೊಡೆದ ಕಾಗದದ ಸುರುಳಿಯನ್ನೂ, ಮೂರು ವರ್ಷದ ಮೇಲೆ ಫಾಲ್ಕನನೆಂಬವನು ಒಂದಕ್ಕೊಂದು ಹೊಲಿದ ರಟ್ಟುಗಳನ್ನೂ ಬಳಸಿದ್ದರು. ಅತ್ತ ಕಾಶಿಯ ನಕ್ಷಾಬಂದರು ಇಡೀ ವಿನ್ಯಾಸವನ್ನು ದಾರಗಳ ಜಾಲದಲ್ಲಿಯೇ ಕಟ್ಟಿ ಮಗ್ಗದ ಮೇಲೆ ತೂಗುಹಾಕುತ್ತಿದ್ದರು. ಆ ಜಾಲವೂ ಬರಹವೇ, ಅದನ್ನು ಓದಿ ಎಳೆಯುತ್ತಿದ್ದುದು ಮಗ್ಗದ ಮೇಲೆ ಕುಳಿತ ಹುಡುಗನ ಕೈ ಎಂಬುದಷ್ಟೇ ಭೇದ. 1839ರಲ್ಲಿ ಜಕಾರ್ಡನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯಲು 24,000 ರಟ್ಟುಗಳು ಬೇಕಾದುವಂತೆ. ಅದರ ಪ್ರತಿಯೊಂದನ್ನು ಸಂಪಾದಿಸಿ ಮನೆಯಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದವನು ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್.

ರಟ್ಟಿನ ಈ ಮಹಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇತಿಹಾಸಕಾರರು ರಟ್ಟನ್ನು ಹೊಗಳುವ ಭರದಲ್ಲಿ ಕೆಲಸದ ಅರ್ಧಭಾಗವನ್ನು ಮರೆತಿರುವರೆಂದು ನನ್ನ ದೂರು. ಗೂಟದ ಪಟ್ಟಿಯು ಎಳೆಯನ್ನು ಅರಿಯದು. ಅದಕ್ಕೆ ಗೊತ್ತಿರುವುದು ಒಂದನೆಯ ಚೌಕಟ್ಟು, ಎರಡನೆಯ ಚೌಕಟ್ಟು, ಎಂಬ ಸಂಖ್ಯೆಗಳಷ್ಟೇ. ಯಾವ ಎಳೆಯು ಯಾವ ಚೌಕಟ್ಟಿಗೆ ಸೇರಿದ್ದೆಂಬುದನ್ನು ಮೊದಲೇ ಯಾರೋ ಒಬ್ಬರು ಕೂತು ನಿರ್ಣಯಿಸಿರಬೇಕು. ಇಚಲಕರಂಜಿಯ ಸೀಮೆಯಲ್ಲಿ ಆ ಕೆಲಸಕ್ಕೆ ವಹಿಫಣಿ ಎಂದು ಹೆಸರು. ಅದಕ್ಕಾಗಿಯೇ ಬೇರೆ ಕೆಲಸಗಾರರುಂಟು. ಸೈಜಿಂಗಿನಿಂದ ಗಂಜಿಯುಂಡು ಬಂದ, ಹಾಸು ಸುತ್ತಿದ ಭೀಮನ್ನು (ಬೀಮ್) ಕಟ್ಟಿ, ಹಿಂದೊಬ್ಬನು ಎಳೆಯನ್ನು ಆಯ್ದು ನೀಡುತ್ತಿರಲು, ಮುಂದೊಬ್ಬನು ಕೊಕ್ಕೆಯಿಂದ ಅದನ್ನು ವಹಿಯ, ಎಂದರೆ ಚೌಕಟ್ಟಿಗೆ ಕಟ್ಟಿದ ತಂತಿಯ, ಕಣ್ಣಿನೊಳಗಿಂದ ಸೆಳೆದುಕೊಂಡು, ಬಳಿಕ ಹಣಿಗೆಯ ಹಲ್ಲುಗಳ ನಡುವೆ ಹಾಯಿಸುತ್ತಾನೆ. ಅಂಗುಲಕ್ಕೆ 60 ಎಳೆಯಂತೆ 48 ಅಂಗುಲ ಅಗಲದ ಬಟ್ಟೆಯಾದರೆ 2,880 ಎಳೆಗಳು, ಒಂದೂ ತಪ್ಪುವಂತಿಲ್ಲ. ನೇಯ್ಗೆ ಬದಲಾಗದೆ ಭೀಮು ಮಾತ್ರ ಮುಗಿದಾಗ ಇಷ್ಟು ಶ್ರಮವಿಲ್ಲ. ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಎಳೆಗೆ ಎಳೆ ಕೆಚ್ಚಿದರೆ ಸಾಕು, ಹಳೆಯ ಸಂಬಂಧವೇ ಹೊಸ ನೂಲಿಗೂ ಸಲ್ಲುತ್ತದೆ. ಇಳಕಲ್ಲಿನ ನೇಕಾರರು ಮೈಯ ಹಾಸಿಗೆ ಸೆರಗಿನ ಬೇರೆ ಹಾಸನ್ನು ಕೊಂಡಿ ಹಾಕಿ ಕೂಡಿಸುವ ಜಾಣ್ಮೆಯು ಇದೇ ಜಾತಿಯದು.

ಎಳೆ ಹಾಯಿಸುವ ಈ ವಹಿಫಣಿಯ ಶಕ್ತಿ ಎಂತಹದೆಂಬುದಕ್ಕೆ ಒಂದು ಸುಲಭದ ಪ್ರಮಾಣ ಸಾಕು. ಓರೆಗೆರೆಯ ನೇಯ್ಗೆಗಾಗಿ ಗೂಟ ಹೊಡೆದ ನಾಲ್ಕು ಚೌಕಟ್ಟಿನ ಪಟ್ಟಿಯೊಂದಿದೆಯೆನ್ನಿ. ಎಳೆಗಳನ್ನು ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು ಎಂದು ನೇರವಾಗಿ ಹಾಯಿಸಿದ್ದರೆ ಬಟ್ಟೆಯ ಮೇಲೆ ಓರೆಗೆರೆ ಏರುತ್ತ ಹೋಗುತ್ತದೆ. ಅವನ್ನೇ ನಾಲ್ಕರವರೆಗೆ ಏರಿಸಿ, ಮೂರು ಎರಡೆಂದು ಇಳಿಸಿ ಹಾಯಿಸಿದ್ದರೆ, ಗೂಟ ಒಂದೂ ಅಲುಗದಿದ್ದರೂ, ಏರಿಳಿಯುವ ಅಲೆಯ ವಿನ್ಯಾಸ ಮೂಡುತ್ತದೆ. ಬರಹವೊಂದೇ, ಕಟ್ಟಿದ ಸಂಬಂಧ ಬೇರೆಯಾದುದರಿಂದ ಅರ್ಥ ಬೇರೆ. ಎಕ್ಸ್‌ಪಾತ್‌ನ ಶಾಸ್ತ್ರಗ್ರಂಥವೂ ಆರಂಭದಲ್ಲಿಯೇ ಇದನ್ನು ಹೇಳಿಬಿಡುತ್ತದೆ: ಉಕ್ತಿಯ, ಎಂದರೆ ಬರೆದ ಪ್ರಶ್ನೆಯ, ಮೌಲ್ಯವು ಉಕ್ತಿಯೊಂದರಿಂದಲೇ ಹುಟ್ಟುವುದಿಲ್ಲ, ದಾಖಲೆಯ ಯಾವ ಗಂಟಿನಲ್ಲಿ ನಿಂತು ಓದುತ್ತಿದ್ದೇವೆ, ಯಾವ ಚರಕ್ಕೆ ಯಾವ ಮೌಲ್ಯವನ್ನು ಕಟ್ಟಿದ್ದೇವೆ, ಹೆಸರಿನ ಮುಂದಿನ ಯಾವ ಉಪಸರ್ಗವು ಯಾವ ನಾಮಾವಕಾಶಕ್ಕೆ (ನೇಮ್‌ಸ್ಪೇಸ್) ಸೇರಿದ್ದು, ಇವೆಲ್ಲ ಕೂಡಿದ ಸಂದರ್ಭದಿಂದ ಹುಟ್ಟುತ್ತದೆ. 2003ರ ಎಕ್ಸ್‌ಫಾರ್ಮ್ಸ್ ಮಾನಕದಲ್ಲಂತೂ ನಮೂನೆಯ ಖಾನೆಗೂ ದತ್ತಾಂಶಕ್ಕೂ ಇರುವ ಕಟ್ಟನ್ನು ಎಕ್ಸ್‌ಪಾತ್ ಉಕ್ತಿಯೇ ಹೇಳಬೇಕೆಂದು ಗೊತ್ತುಮಾಡಲಾಯಿತು.

ಬರಹ ಬೇರೆ, ಕಟ್ಟಿದ ಸಂಬಂಧ ಬೇರೆ ಎಂಬುದನ್ನು ಬ್ಯಾಬೇಜನು ಕಂಡಿದ್ದನು. 1830ರ ದಶಕದಲ್ಲಿ ತಾನು ಕಲ್ಪಿಸಿದ, ಎಂದೂ ಪೂರ್ಣವಾಗಿ ನಿರ್ಮಾಣವಾಗದ ವಿಶ್ಲೇಷಣ ಯಂತ್ರಕ್ಕೆ ಅವನು ಜಕಾರ್ಡನ ರಟ್ಟನ್ನು ಎರವಲು ತಂದುದು ಎಲ್ಲರೂ ಹೇಳುವ ಸಂಗತಿ. ಆ ರಟ್ಟುಗಳನ್ನು ಎರಡು ಬೇರೆ ಕಟ್ಟುಗಳಾಗಿ ಮಾಡಿದುದನ್ನು ಹೇಳುವವರು ಕಡಮೆ. ಒಂದು ಕಟ್ಟು ಕ್ರಿಯೆಯದು, ಕೂಡು ಅಥವಾ ಗುಣಿಸು ಎಂಬುದಷ್ಟೇ ಅದರ ಮಾತು. ಇನ್ನೊಂದು ಚರಗಳದು, ಯಾವ ಕಂಬದಲ್ಲಿನ ಸಂಖ್ಯೆಯನ್ನು ತೆಗೆದುಕೊಳ್ಳಬೇಕು, ಫಲವನ್ನು ಯಾವ ಕಂಬದಲ್ಲಿಡಬೇಕು ಎಂಬುದು ಅದರದು. ಆ ಯಂತ್ರವನ್ನು ಕುರಿತು 1843ರಲ್ಲಿ ಏಡಾ ಲವ್ಲೇಸ್ ಬರೆದ ಟಿಪ್ಪಣಿಗಳಲ್ಲಿ ಈ ವಿಭಾಗದ ವಿವರಣೆ ಸ್ಪಷ್ಟವಾಗಿದೆ. ಗೂಟದ ಪಟ್ಟಿಗೂ ವಹಿಫಣಿಗೂ ಇರುವ ಭೇದವು ಇದಕ್ಕಿಂತ ಬೇರೆಯಲ್ಲ.

ಸಾದೃಶ್ಯವನ್ನು ಹೆಚ್ಚು ಎಳೆಯಬಾರದು, ಎಳೆದರೆ ಹರಿದೀತು. ಡಾಬಿಯು ಕುರುಡು, ಎಳೆಯ ಬಣ್ಣವನ್ನು ನೋಡಿ ಎತ್ತಬೇಕೋ ಬೇಡವೋ ಎಂದು ನಿಶ್ಚಯಿಸುವ ಶಕ್ತಿ ಗೂಟಕ್ಕಿಲ್ಲ. ಎಕ್ಸ್‌ಪಾತ್ ನೋಡಿ ಆಯುತ್ತದೆ, ಷರತ್ತನ್ನು ಪರೀಕ್ಷಿಸುತ್ತದೆ. ಆದರೂ ತಪ್ಪಿನ ರೀತಿಯಲ್ಲಿ ಇವೆರಡೂ ಎಷ್ಟು ಹೋಲುತ್ತವೆಂದರೆ, ಒಂದರಲ್ಲಿ ಪಳಗಿದವನಿಗೆ ಮತ್ತೊಂದರ ಸಂಕಟವನ್ನು ವಿವರಿಸಬೇಕಾಗಿಲ್ಲ. ಎಳೆಯೊಂದು ಪಕ್ಕದ ಚೌಕಟ್ಟಿನ ಕಣ್ಣನ್ನು ಹೊಕ್ಕಿದ್ದರೆ ಮಗ್ಗ ನಿಲ್ಲುವುದಿಲ್ಲ, ಸದ್ದು ಬದಲಾಗುವುದಿಲ್ಲ. ತಾಗಾ ಇಳಿದು, ಮಡಿಕೆಯ ಮೇಜಿನ ಮೇಲೆ ಬಂದು, ಬೆಳಕಿಗೆ ಹಿಡಿದಾಗ ಉದ್ದಕ್ಕೂ ಒಂದು ಗೆರೆ ಕಾಣುತ್ತದೆ. ಎಕ್ಸ್‌ಪಾತ್‌ನಲ್ಲಿಯೂ ವ್ಯಾಕರಣ ತಪ್ಪಿದರೆ ಕೂಡಲೇ ಕೂಗು. ವ್ಯಾಕರಣ ಸರಿಯಿದ್ದು ಹೆಸರೊಂದು ತಪ್ಪಿದರೆ, ಅಥವಾ ದಾಖಲೆಯು ನಾಮಾವಕಾಶವೊಂದಕ್ಕೆ ಸೇರಿದ್ದು ಪ್ರಶ್ನೆಯು ಬರಿಯ ಹೆಸರನ್ನು ಕೇಳಿದರೆ, ಕೂಗಿಲ್ಲ, ತಕರಾರಿಲ್ಲ, ಸೌಜನ್ಯದಿಂದ ಬರಿದಾದ ಉತ್ತರವೊಂದು ಬರುತ್ತದೆ. ಬರಿದೆಂಬುದು ನ್ಯಾಯವಾದ ಉತ್ತರವೂ ಆಗಬಹುದಾದುದರಿಂದ ಕ್ರಮವಿಧಿಯು ಮುಂದೆ ಸಾಗಿ, ವರ್ಷದ ಲೆಕ್ಕದಲ್ಲಿ ಸೊನ್ನೆಯನ್ನು ಬರೆಯುತ್ತದೆ. ಇನ್ನು ಹೊರಗಿನವನು ಕೊಟ್ಟ ಮಾತನ್ನು ಉಕ್ತಿಯೊಳಗೆ ಹಾಗೆಯೇ ಹೊಲಿದು ನಡೆಸುವವರು ಮನೆಯ ಕೀಲಿಯನ್ನೇ ಕೊಟ್ಟಂತೆ. ಅದನ್ನು ಚರವೊಂದಕ್ಕೆ ಕಟ್ಟಿದ ಮೌಲ್ಯವಾಗಿ ಒಳತರುವುದೇ ಕ್ಷೇಮವೆಂದು ಬಲ್ಲವರೆಲ್ಲ ಹೇಳುವರು.

ಗೂಟದ ಕಾಲವೂ ಈಗ ಹಿಂದಾಗುತ್ತಿದೆ. 1983ರಲ್ಲಿ ಇಂಗ್ಲೆಂಡಿನ ಬೋನಾಸ್ ಕಂಪನಿಯು ವಿದ್ಯುನ್ಮಾನ ಜಕಾರ್ಡನ್ನು ಹೊರತಂದ ಮೇಲೆ ರಟ್ಟಿನ ತೂತು ಗಣಕದ ಕಡತವಾಯಿತು. ಲಾಳಿಯಿಲ್ಲದ ಮಗ್ಗಗಳು ಇಚಲಕರಂಜಿಗೂ ಬಂದುವು, ಅವುಗಳೊಡನೆ ವಿದ್ಯುನ್ಮಾನ ಡಾಬಿಯೂ ಬಂದಿತು. 1982ರಲ್ಲಿ ಊರಿನಲ್ಲಿಯೇ ಆರಂಭವಾದ ಡಿಕೆಟಿಇ ಸಂಸ್ಥೆಯ ಜವಳಿ ವಿದ್ಯಾಲಯದಲ್ಲಿ ವಿನ್ಯಾಸವನ್ನು ಪರದೆಯ ಮೇಲೆ ಬಿಡಿಸುವ ಹುಡುಗರು ಮರದ ಪಟ್ಟಿಯನ್ನು ಚರಿತ್ರೆಯ ಪಾಠದಲ್ಲಿ ಓದುವ ದಿನ ದೂರವಿಲ್ಲ. ಎಳೆಯನ್ನು ಹಾಯಿಸುವ ಯಂತ್ರಗಳೂ ದೊಡ್ಡ ಗಿರಣಿಗಳಿಗೆ ಬಂದಿವೆ; ಅವುಗಳ ಬೆಲೆಯು ನಾಲ್ಕಾರು ಮಗ್ಗದ ಶೆಡ್ಡಿನ ಮಾಲಿಕನಿಗೆ ನಿಲುಕುವಂತಹದಲ್ಲವಾದುದರಿಂದ, ಶಹಾಪುರದ ಕಡೆಯ ಸಣ್ಣ ಶೆಡ್ಡುಗಳಲ್ಲಿ ವಹಿಫಣಿಯವರ ಜೋಡಿಗೆ ಇಂದಿಗೂ ಕರೆ ಹೋಗುತ್ತದೆ, ಮಜೂರಿಯನ್ನು ಗುಮಾಸ್ತನಾದ ದಿವಾಣಜಿ ಎಳೆಗಳ ಲೆಕ್ಕದ ಮೇಲೆ ಚುಕ್ತಾ ಮಾಡುತ್ತಾನೆ.