ವಿದ್ಯಾರ್ಥಿಯ ಏಳಿಗೆಯಲ್ಲಿ ಶಾಲೆಯ ಪಾಲು

ಪ್ರತಿವರ್ಷವೂ ಹತ್ತನೆಯ ತರಗತಿಯ ಪರೀಕ್ಷಾಫಲವು ಪ್ರಕಟವಾದೊಡನೆ ನಮ್ಮಲ್ಲಿ ಒಂದು ಚರ್ಚೆಯು ಏಳುವುದು ವಾಡಿಕೆಯಾಗಿದೆ. ಫಲವು ಉತ್ತಮವಾದ ಶಾಲೆಯನ್ನು ಕೆಲವರು ಕೊಂಡಾಡುವರು, ಫಲವು ಕುಗ್ಗಿದ ಶಾಲೆಯ ಉಪಾಧ್ಯಾಯರನ್ನು ಕೆಲವರು ಹಳಿಯುವರು, ಇನ್ನು ಕೆಲವರು, "ಮನೆಯಲ್ಲಿ ಅಕ್ಷರದ ಗಾಳಿಯಿಲ್ಲದ ಮಕ್ಕಳಿಗೆ ಶಾಲೆಯಾದರೂ ಏನು ಮಾಡೀತು?" ಎಂದು ನಿಟ್ಟುಸಿರಿಡುವರು. ಈ ಕಡೆಯ ಮಾತು ಅನುಕಂಪದಿಂದ ಹುಟ್ಟಿದಂತೆ ತೋರಿದರೂ, ಬಡವರ ಮಕ್ಕಳ ವಿಷಯದಲ್ಲಿ ಕೈಚೆಲ್ಲಿ ಕುಳಿತುಕೊಳ್ಳುವುದಕ್ಕೆ ಒಳ್ಳೆಯ ನೆಪವಾಗಬಲ್ಲುದು. ಇದೇ ಪ್ರಶ್ನೆಯು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕಾ ಮತ್ತು ಇಂಗ್ಲೆಂಡುಗಳ ವಿದ್ವಾಂಸರ ನಡುವೆ ದೊಡ್ಡ ವಾದಕ್ಕೆ ಎಡೆಗೊಟ್ಟಿತು. ಆ ವಾದದ ಚರಿತ್ರೆಯನ್ನು ಪೂರ್ವಪಕ್ಷ, ಸಿದ್ಧಾಂತಗಳ ಕ್ರಮದಲ್ಲಿ ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶವು.

ಮೊದಲು ಪೂರ್ವಪಕ್ಷ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣಭಾಗದಲ್ಲಿ ಬಿಳಿಯರ ಮಕ್ಕಳಿಗೂ ಕಪ್ಪುವರ್ಣದವರ ಮಕ್ಕಳಿಗೂ ಬಹುಕಾಲ ಬೇರೆ ಬೇರೆ ಶಾಲೆಗಳಿದ್ದುವು. ಈ ಪಂಕ್ತಿಭೇದವು ರಾಜ್ಯಾಂಗಕ್ಕೆ ವಿರುದ್ಧವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ತೀರ್ಪಿತ್ತಿತು. 1964ರಲ್ಲಿ ನಾಗರಿಕ ಹಕ್ಕುಗಳ ಶಾಸನವಾದ ಮೇಲೆ, ಶಿಕ್ಷಣದಲ್ಲಿ ಎಷ್ಟರಮಟ್ಟಿಗೆ ಸಮಾನಾವಕಾಶವಿದೆಯೆಂಬುದನ್ನು ಅಳೆದು ತಿಳಿಸುವಂತೆ ಸರಕಾರವು ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರಿಗೆ ಒಪ್ಪಿಸಿತು. ಅವರೂ ಅವರ ಸಂಗಡಿಗರೂ ಸುಮಾರು 4,000 ಶಾಲೆಗಳಿಂದ ಸುಮಾರು 6 ಲಕ್ಷ ಮಕ್ಕಳ ವಿವರಗಳನ್ನು ಕಲೆಹಾಕಿ, 1966ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು.

ಕಟ್ಟಡ, ಪುಸ್ತಕಭಂಡಾರ, ಪ್ರಯೋಗಶಾಲೆ ಮೊದಲಾದ ಅನುಕೂಲಗಳ ಕೊರತೆಯೇ ಮಕ್ಕಳ ಹಿಂದುಳಿಯುವಿಕೆಗೆ ಕಾರಣವೆಂದು ತಿಳಿದುಬರುವುದೆಂಬುದು ಎಲ್ಲರ ನಿರೀಕ್ಷೆಯಾಗಿದ್ದಿತು. ವರದಿಯು ಹೇಳಿದುದು ಬೇರೆ. ಅಂತಹ ಅನುಕೂಲಗಳ ಹೆಚ್ಚು ಕಡಮೆಗೂ ಮಕ್ಕಳ ಕಲಿಕೆಗೂ ಇರುವ ಸಂಬಂಧವು ಅತ್ಯಲ್ಪವೆಂದೂ, ಮಗುವು ಹುಟ್ಟಿ ಬೆಳೆದ ಮನೆಯ ಸ್ಥಿತಿಯೇ ಬಲವತ್ತರವಾದ ಕಾರಣವೆಂದೂ ಅದರಿಂದ ತೋರಿಬಂದಿತು. "ಶಾಲೆಯಿಂದ ಏನೂ ಆಗದು" ಎಂಬ ನಿರಾಶೆಯ ಮಾತು ಲೋಕದಲ್ಲಿ ಹಬ್ಬಿದುದು ಇಲ್ಲಿಂದಲೇ.

ಆದರೆ ವರದಿಯನ್ನು ಪೂರ್ತಿಯಾಗಿ ಓದಿದವರಿಗೆ ಅದರಲ್ಲಿ ಇನ್ನೆರಡು ಮಾತುಗಳು ಕಾಣುತ್ತವೆ. ಕಟ್ಟಡಗಳಿಗಿಂತ ಉಪಾಧ್ಯಾಯರ ಯೋಗ್ಯತೆಯು ಹೆಚ್ಚು ಪರಿಣಾಮಕಾರಿಯೆಂಬುದೂ, ಹಿಂದುಳಿದ ಮಕ್ಕಳ ವಿಷಯದಲ್ಲಿ ಈ ಪರಿಣಾಮವು ಮತ್ತಷ್ಟು ಅಧಿಕವೆಂಬುದೂ ಒಂದು. ಜತೆಯಲ್ಲಿ ಓದುವ ಮಕ್ಕಳು ಎಂತಹವರೆಂಬುದರಿಂದ ವಿದ್ಯಾರ್ಥಿಯ ಕಲಿಕೆಯು ಏರಿಳಿಯುವುದೆಂಬುದು ಎರಡನೆಯದು. ನಮ್ಮ ಪಾಠಶಾಲೆಗಳ ಹಿರಿಯರು ವಿದ್ಯೆಯ ನಾಲ್ಕು ಪಾಲುಗಳಲ್ಲಿ ಒಂದನ್ನು ಸಹಪಾಠಿಗಳಿಗೆ ಬಿಟ್ಟುಕೊಟ್ಟಿದ್ದುದನ್ನು ಬಲ್ಲವರಿಗೆ ಇದು ಹೊಸ ಮಾತಾಗಿ ತೋರದು.

ಇನ್ನು ಸಿದ್ಧಾಂತ. ಲಂಡನ್ನಿನ ಮಕ್ಕಳ ಮನೋವೈದ್ಯರಾಗಿದ್ದ ಮೈಕೇಲ್ ರಟ್ಟರರು, ಮೂವರು ಸಹಾಯಕರೊಡಗೂಡಿ, ಆ ನಗರದ ಒಳಭಾಗದ 12 ಪ್ರೌಢಶಾಲೆಗಳನ್ನು ಆರಿಸಿಕೊಂಡರು. ಅವರು ಹಿಡಿದ ಮಾರ್ಗವೇ ಬೇರೆ. ಮಕ್ಕಳು ಪ್ರೌಢಶಾಲೆಗೆ ಸೇರುವ ಮುನ್ನ, ಹತ್ತು ವರ್ಷದ ಪ್ರಾಯದಲ್ಲಿಯೇ, ಅವರ ಬುದ್ಧಿಶಕ್ತಿಯನ್ನೂ ನಡತೆಯನ್ನೂ ಅಳೆದ ದಾಖಲೆಗಳಿದ್ದುವು. ಅವನ್ನು ಮುಂದಿಟ್ಟುಕೊಂಡು, ಶಾಲೆಗಳ ಒಳಗೇ ಕುಳಿತು ಪಾಠಗಳನ್ನು ನೋಡಿ, ಹಾಜರಿ, ನಡತೆ, ಪರೀಕ್ಷಾಫಲ, ಅಪರಾಧಪ್ರವೃತ್ತಿ ಎಂಬ ನಾಲ್ಕನ್ನೂ ಪರಿಶೀಲಿಸಿದರು. ಫಲಿತಾಂಶವು 1979ರಲ್ಲಿ ಪುಸ್ತಕರೂಪವಾಗಿ ಹೊರಬಂದಿತು. ಐದನೆಯ ವಯಸ್ಸಿನಿಂದ ಶಾಲೆ ಬಿಡುವವರೆಗೆ ಮಗುವು ಅಲ್ಲಿ ಕಳೆಯುವ ಕಾಲವು ಸುಮಾರು 15,000 ಗಂಟೆಗಳಾದುದರಿಂದ, ಆ ಸಂಖ್ಯೆಯನ್ನೇ ಗ್ರಂಥಕ್ಕೆ ಹೆಸರಾಗಿಟ್ಟರು.

ಸೇರುವಾಗ ಮಕ್ಕಳಲ್ಲಿದ್ದ ತಾರತಮ್ಯವನ್ನು ಕಳೆದು ನೋಡಿದರೂ ಶಾಲೆಶಾಲೆಗೆ ದೊಡ್ಡ ಅಂತರವು ಉಳಿಯಿತು. ಅತ್ಯುತ್ತಮ ಶಾಲೆಯಲ್ಲಿ ಕೆಳಗಿನ ಕಾಲುಭಾಗದ ಮಕ್ಕಳು ಪಡೆದ ಸರಾಸರಿ ಫಲವು, ಅತಿ ದುರ್ಬಲವಾದ ಶಾಲೆಯಲ್ಲಿ ಮೇಲಿನ ಕಾಲುಭಾಗದವರು ಪಡೆದ ಫಲಕ್ಕೆ ಸಮನಾಗಿದ್ದಿತು! ಈ ಅಂತರಕ್ಕೆ ಕಟ್ಟಡದ ವಯಸ್ಸಾಗಲಿ ಸ್ಥಳದ ವೈಶಾಲ್ಯವಾಗಲಿ ಕಾರಣವಾಗಿರಲಿಲ್ಲ. ಪಾಠವು ಹೊತ್ತಿಗೆ ಸರಿಯಾಗಿ ಆರಂಭವಾಗುವುದು, ಮನೆಪಾಠವನ್ನು ತಪ್ಪದೆ ಕೊಡುವುದು, ಕೊಟ್ಟರೋ ಇಲ್ಲವೋ ಎಂದು ಮೇಲಿನವರು ವಿಚಾರಿಸುವುದು, ಒಳ್ಳೆಯ ಕೆಲಸವನ್ನು ಬಾಯಿತುಂಬ ಮೆಚ್ಚುವುದು, ಮಕ್ಕಳು ಬರೆದುದನ್ನು ಗೋಡೆಯ ಮೇಲೆ ತೂಗಿಸುವುದು, ಹಳೆಯ ಕಟ್ಟಡವನ್ನಾದರೂ ಒಪ್ಪವಾಗಿಡುವುದು, ಹಲವು ಮಕ್ಕಳಿಗೆ ಹೊಣೆಗಾರಿಕೆಯನ್ನು ವಹಿಸುವುದು, ಉಪಾಧ್ಯಾಯರು ಕೂಡಿ ಕುಳಿತು ಪಾಠಕ್ರಮವನ್ನು ಗೊತ್ತುಮಾಡುವುದು: ಇವೇ ಕಾರಣಗಳಾಗಿ ಕಂಡುಬಂದುವು. ಮಾತುಮಾತಿಗೂ ಗದರಿಕೆಯಿದ್ದ ತರಗತಿಗಳಲ್ಲಿ ಗದ್ದಲವೇ ಹೆಚ್ಚಾಗಿದ್ದಿತು. ಇವುಗಳಲ್ಲಿ ಯಾವುದೊಂದೂ ಪ್ರತ್ಯೇಕವಾಗಿ ದೊಡ್ಡದಲ್ಲ; ಎಲ್ಲವೂ ಕೂಡಿ ಶಾಲೆಗೆ ಒಂದು ವಾತಾವರಣವು ಉಂಟಾದಾಗ ಫಲವು ಕಾಣುವುದೆಂದು ರಟ್ಟರರು ನಿರ್ಣಯಿಸಿದರು.

ಕೇವಲ 12 ಶಾಲೆಗಳಿಂದ ಇಷ್ಟು ದೊಡ್ಡ ಮಾತನ್ನು ಆಡಬಹುದೇ ಎಂದು ಆಕ್ಷೇಪಿಸಿದವರೂ ಉಂಟು. ಮನೆಯ ಬಲವನ್ನಾಗಲಿ ಸಹಪಾಠಿಗಳ ಪ್ರಭಾವವನ್ನಾಗಲಿ ರಟ್ಟರರೂ ಅಲ್ಲಗಳೆಯಲಿಲ್ಲ. ಆದರೆ ಬಡದೇಶಗಳ ಸ್ಥಿತಿಯೇನು? ಸ್ಟೀಫನ್ ಹೇನೆಮನ್ ಎಂಬವರು ಮೊದಲು ಆಫ್ರಿಕಾದ ಯುಗಾಂಡದಲ್ಲಿ ವಿಚಾರಣೆ ನಡೆಸಿ, ಬಳಿಕ ವಿಲಿಯಂ ಲಾಕ್ಸ್‌ಲಿ ಎಂಬವರೊಡನೆ ನಮ್ಮ ದೇಶವೂ ಸೇರಿದಂತೆ 29 ದೇಶಗಳ ಪ್ರಾಥಮಿಕ ಶಾಲೆಗಳನ್ನು ತುಲನೆಮಾಡಿ, 1983ರಲ್ಲಿ ಲೇಖನವನ್ನು ಪ್ರಕಟಿಸಿದರು. ದೇಶವು ಬಡವಾದಷ್ಟೂ ಮಗುವಿನ ಕಲಿಕೆಯಲ್ಲಿ ಮನೆಯ ಅಂತಸ್ತಿನ ಪಾಲು ಕಡಮೆಯಾಗಿ, ಶಾಲೆಯ ಮತ್ತು ಉಪಾಧ್ಯಾಯರ ಪಾಲು ಹೆಚ್ಚುವುದೆಂಬುದು ಅವರ ತೀರ್ಮಾನವು. ಪುಸ್ತಕವೇ ಇಲ್ಲದ ಊರಿಗೆ ಬಂದ ಒಂದು ಪುಸ್ತಕದ ಬೆಲೆ ಹೆಚ್ಚೆಂಬುದು ಸಹಜವಷ್ಟೆ. ಇದು ಪ್ರಾಥಮಿಕ ಶಾಲೆಗಳ ಮಾತಾದರೂ, ಅದೇ ಮನೆಗಳಿಂದಲೇ ಮಕ್ಕಳು ಪ್ರೌಢಶಾಲೆಗೂ ಬರುವರೆಂಬುದನ್ನು ಮರೆಯಲಾಗದು.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಇಷ್ಟೇ. ಶಾಲೆಯು ಮನೆಯ ಕೊರತೆಯನ್ನೆಲ್ಲ ತುಂಬಿಕೊಡಲಾರದು. ಆದರೆ ಏನೂ ಮಾಡಲಾರದೆಂಬ ಮಾತು ಸುಳ್ಳು. ಲಂಡನ್ನಿನ ಶಾಲೆಗಳಲ್ಲಿ ಫಲಕೊಟ್ಟ ಕಾರ್ಯಗಳಲ್ಲಿ ಬಹುಪಾಲಿಗೆ ಹಣವು ಬೇಕಾಗಿರಲಿಲ್ಲ. ಬೇಕಾಗಿದ್ದುದು ದಿನದಿನವೂ ಬಿಡದೆ ನಡೆಸುವ ನಿಯಮವು. ಆದುದರಿಂದ ಶಾಲೆಗಳ ಆಡಳಿತಮಂಡಲಿಗಳಲ್ಲಿರುವ ವಾಚಕರು ಹೊಸ ಕಟ್ಟಡದ ಶಂಕುಸ್ಥಾಪನೆಗೆ ತೋರುವ ಉತ್ಸಾಹದಲ್ಲಿ ಅರ್ಧವನ್ನಾದರೂ, ಗಂಟೆ ಬಾರಿಸಿದೊಡನೆ ಪಾಠವು ಮೊದಲಾಗುವುದೇ, ಮಕ್ಕಳು ಬರೆದುದನ್ನು ಯಾರಾದರೂ ತಿದ್ದಿ ಹಿಂದಿರುಗಿಸುವರೇ, ಹಿಂದಿನ ಬೆಂಚಿನ ಹುಡುಗನನ್ನು ಹೆಸರಿಟ್ಟು ಕರೆಯುವವರುಂಟೇ ಎಂದು ವಿಚಾರಿಸುವುದರಲ್ಲಿ ತೋರುವುದಾದರೆ, ಮುಂದಿನ ಪರೀಕ್ಷಾಫಲವನ್ನು ಕುರಿತು ನಿಟ್ಟುಸಿರಿಡುವ ಪ್ರಸಂಗವು ಕಡಮೆಯಾದೀತು.