ಹಳೆಯ ಸ್ನೈಪರ್ ರೈಫಲ್‌ಗೆ ಅಸಲಿ ಸ್ಕೋಪ್ ಬೇಕೇ, ಪ್ರತಿಕೃತಿ ಸಾಕೇ?

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸ್ನೈಪರ್‌ಗಳು ಬಳಸಿದ ಲೀ-ಎನ್‌ಫೀಲ್ಡ್ ನಂ.4 (ಟಿ) ರೈಫಲ್‌ಗೆ ಬ್ರಿಟನ್, ಅಮೆರಿಕದ ಸಂಗ್ರಾಹಕರಲ್ಲಿ ಈಗಲೂ ಬೇಡಿಕೆಯಿದೆ. ಇದರ ಮೇಲಿನ ನಂ.32 ಸ್ಕೋಪ್ ಗುರಿಯನ್ನು 3 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಮೂಲತಃ ಇದನ್ನು ರೂಪಿಸಿದ್ದು ಬ್ರೆನ್ ಮಷಿನ್‌ಗನ್‌ಗಾಗಿ! ರೈಫಲ್‌ಗಳಿಗೆ ಇದನ್ನು ಜೋಡಿಸುವ ಕೆಲಸದ ಬಹುಪಾಲು ಮಾಡಿದ್ದು ಹಾಲೆಂಡ್ ಆ್ಯಂಡ್ ಹಾಲೆಂಡ್ ಕಂಪನಿ.

ಬೆಲೆ ನಿಂತಿರುವುದು ನಂಬರ್ ಮೇಲೆ. ಸ್ಕೋಪ್‌ನ ನಂಬರನ್ನು ರೈಫಲ್‌ನ ಮರದ ಬಟ್ ಮೇಲೆ, ರೈಫಲ್‌ನ ನಂಬರನ್ನು ಸ್ಕೋಪ್ ಬ್ರಾಕೆಟ್ ಮೇಲೆ ಒತ್ತಲಾಗುತ್ತಿತ್ತು. ಎರಡೂ ತಾಳೆಯಾದರೆ ಅದು ಮೂಲ ಜೋಡಿ. ಬೇರೆ ನಂಬರಿನ ಅಸಲಿ ಸ್ಕೋಪ್ ಕೂರಿಸಿದರೆ ಭಾಗಗಳು ಅಸಲಿಯೇ, ಆದರೆ ಜೋಡಿ ಅಲ್ಲ. ದರದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಶೂಟಿಂಗ್ ರೇಂಜ್‌ನಲ್ಲಿ ಲೆಕ್ಕವೇ ಬೇರೆ. 80 ವರ್ಷ ಹಳೆಯ ಸ್ಕೋಪ್‌ನಲ್ಲಿ ಲೆನ್ಸ್‌ಗಳನ್ನು ಅಂಟಿಸಿದ ಅಂಟು ಹಾಳಾಗಿ ನೋಟ ಮಂಜಾಗಿರಬಹುದು, ಹೊಂದಾಣಿಕೆಯ ಡ್ರಮ್‌ ಸವೆದಿರಬಹುದು. ಗುಂಡು ಹಾರಿಸುವುದೇ ಉದ್ದೇಶವಾದರೆ ಒಳ್ಳೆಯ ಪ್ರತಿಕೃತಿಯೇ ಲೇಸು. ಕೆಟ್ಟರೂ ಇತಿಹಾಸ ಕೆಡುವುದಿಲ್ಲ.

ಅಪಾಯವಿರುವುದು ಪ್ರತಿಕೃತಿಗೆ ಹಳೆಯ ಬಣ್ಣ, ಹಳೆಯ ನಂಬರ್ ಕೊಟ್ಟು ಅಸಲಿ ಎಂದು ಮಾರುವಲ್ಲಿ. ಹಾಗಾಗಿ ಖರೀದಿಗೆ ಮುನ್ನ ಮಾರಾಟಗಾರರಿಂದ ‘ಅಸಲಿ’ ಎಂದು ಲಿಖಿತವಾಗಿ ಪಡೆಯಿರಿ. ಸ್ಕೋಪ್‌ಗಾಗಿ ಸಾಮಾನ್ಯ ನಂ.4 ರೈಫಲ್‌ಗೆ ತೂತು ಕೊರೆಸಲೇಬೇಡಿ, ಕೊರೆದರೆ ಅದರ ಮೂಲ ಬೆಲೆಯೂ ಹೋಗುತ್ತದೆ.