ಬೇಸ್‌ಬಾಲ್ ಹುಟ್ಟಿದ ಊರು ಯಾವುದು?

"ಮಾಷ್ಟ್ರೇ, ಅವರು ಕೈ ಮಡಚಿ ಬಿಸಾಡ್ತಾರಲ್ಲ, ಅದು ನೋಬಾಲ್ ಅಲ್ವಾ?"

ಟಿವಿಯಲ್ಲಿ ಬೇಸ್‌ಬಾಲ್ ನೋಡಿ ಬಂದ ಹುಡುಗನೊಬ್ಬನ ಪ್ರಶ್ನೆ ಇದು. ನನಗೆ ಈ ಆಟದ ಹುಚ್ಚು ಹಿಡಿದು ಕೆಲವು ವರ್ಷಗಳಾದವು. ಅಮೆರಿಕದ ರಾತ್ರಿಯ ಪಂದ್ಯ ನಮಗೆ ಬೆಳಗಿನ ಕಾಫಿಯ ಹೊತ್ತಿಗೆ ಸಿಗುತ್ತದೆ. ಹುಡುಗನಿಗೆ ಅಂದೆ, "ಅದು ನೋಬಾಲ್ ಅಲ್ಲ ಮಾರಾಯ, ಕ್ರಿಕೆಟಿನ ದಾಯಾದಿ." ದಾಯಾದಿ ಎಂದ ಮೇಲೆ ಆಸ್ತಿಯ ಜಗಳವೂ ಇರಬೇಕಲ್ಲ? ಇದೆ.

ರನ್, ಔಟ್, ಅಂಪೈರ್, ಇನಿಂಗ್ಸ್ ಎರಡೂ ಆಟಗಳಲ್ಲಿವೆ. ಇವುಗಳಿಗೆ ಬಂಧುವಾದ ರೌಂಡರ್ಸ್ ಎಂಬ ಮಕ್ಕಳಾಟ ಇಂಗ್ಲೆಂಡಿನಲ್ಲಿತ್ತು. 'ಬೇಸ್‌ಬಾಲ್' ಎಂಬ ಹೆಸರು ಮೊದಲು ಅಚ್ಚಾದದ್ದು ಕೂಡ ಅಮೆರಿಕದಲ್ಲಲ್ಲ. 1744ರಲ್ಲಿ ಲಂಡನ್ನಿನ ಜಾನ್ ನ್ಯೂಬೆರಿ ಪ್ರಕಟಿಸಿದ ಮಕ್ಕಳ ಪುಸ್ತಕವೊಂದರಲ್ಲಿ. ಕ್ರಿಕೆಟಿನ ನಿಯಮಗಳನ್ನು ಮೊದಲ ಬಾರಿಗೆ ಬರೆದಿಟ್ಟದ್ದೂ ಅದೇ 1744ರಲ್ಲಿ!

ಇನ್ನೊಂದು ವಿಷಯ ಕೇಳಿದರೆ ಮಕ್ಕಳು ನಂಬುವುದೇ ಇಲ್ಲ. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯ ನಡೆದದ್ದು ನ್ಯೂಯಾರ್ಕಿನಲ್ಲಿ, 1844ರ ಸೆಪ್ಟೆಂಬರಿನಲ್ಲಿ. ಅಮೆರಿಕದ ವಿರುದ್ಧ ಕೆನಡಾ 23 ರನ್ನುಗಳಿಂದ ಗೆದ್ದಿತು. ಮೆಲ್ಬರ್ನಿನ ಮೊದಲ ಟೆಸ್ಟಿಗೆ ಆಗ ಇನ್ನೂ 33 ವರ್ಷ ಬಾಕಿ.

ಹಾಗಿದ್ದ ಕ್ರಿಕೆಟ್ ಅಲ್ಲಿ ಯಾಕೆ ಸೋತಿತು? 1861ರಿಂದ 65ರವರೆಗೆ ಅಂತರ್ಯುದ್ಧ. ಕ್ರಿಕೆಟಿಗೆ ಸಮತಟ್ಟಾದ ಪಿಚ್ ಬೇಕು, ದಿನಗಟ್ಟಲೆ ಸಮಯ ಬೇಕು. ಬೇಸ್‌ಬಾಲಿನಲ್ಲಿ ಚೆಂಡು ನೆಲಕ್ಕೆ ಪುಟಿಯದೆ ನೇರ ಬರುವುದರಿಂದ ಯಾವ ಹುಲ್ಲುಗಾವಲಾದರೂ ಸಾಕು. ಸೈನಿಕರು ಬಿಡಾರದ ಪಕ್ಕದಲ್ಲೇ ಆಡಿದರು. ಇದರ ಜೊತೆಗೆ, ಇದು ನಮ್ಮದೇ ಆಟ, ಬ್ರಿಟಿಷರದ್ದಲ್ಲ ಎಂಬ ಅಭಿಮಾನವೂ ಬೆಳೆಯಿತು.

ಸೋಜಿಗವೆಂದರೆ, ಆ 'ನಮ್ಮದೇ ಆಟ'ವನ್ನು ಬೆಳೆಸಿದವರಲ್ಲಿ ಕ್ರಿಕೆಟಿನವರೇ ಮುಂದೆ ಇದ್ದರು. 1869ರಲ್ಲಿ ಸಿನ್ಸಿನಾಟಿಯಲ್ಲಿ ಬಹಿರಂಗವಾಗಿ ಸಂಬಳ ಕೊಟ್ಟು ಆಡಿಸಿದ ಮೊದಲ ಬೇಸ್‌ಬಾಲ್ ತಂಡ ಕಟ್ಟಿದ ಹ್ಯಾರಿ ರೈಟ್, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹುಟ್ಟಿದವನು, ವೃತ್ತಿ ಕ್ರಿಕೆಟಿಗನ ಮಗ, ತಾನೂ ಕ್ರಿಕೆಟಿಗ. ಹೆನ್ರಿ ಚಾಡ್ವಿಕ್ ಹುಟ್ಟಿದ್ದು ಎಕ್ಸೆಟರಿನಲ್ಲಿ, 1824ರಲ್ಲಿ. ನ್ಯೂಯಾರ್ಕಿನಲ್ಲಿ ಕ್ರಿಕೆಟ್ ವರದಿಗಾರನಾಗಿದ್ದ ಆತ ಬೇಸ್‌ಬಾಲಿಗೆ ಮರುಳಾಗಿ, ಕ್ರಿಕೆಟಿನ ಸ್ಕೋರ್ ಕಾರ್ಡನ್ನೇ ಮಾದರಿಯಾಗಿಟ್ಟುಕೊಂಡು ಅದಕ್ಕೂ ಲೆಕ್ಕದ ಪಟ್ಟಿ ಮಾಡಿದ.

ಇದೇ ಚಾಡ್ವಿಕ್ 1903ರಲ್ಲಿ, ಬೇಸ್‌ಬಾಲ್ ರೌಂಡರ್ಸಿನಿಂದ ಬಂದದ್ದು ಎಂದು ಬರೆದ. ಹಳೆಯ ಆಟಗಾರ, ಕ್ರೀಡಾ ಸಾಮಗ್ರಿಗಳ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್‌ಗೆ ಸಹಿಸಲಾಗಲಿಲ್ಲ. ಆಟದ ಮೂಲ ಹುಡುಕಲು 1905ರಲ್ಲಿ ಒಂದು ಸಮಿತಿಯೇ ರಚನೆಯಾಯಿತು! ಆಬ್ನರ್ ಗ್ರೇವ್ಸ್ ಎಂಬ ಗಣಿ ಎಂಜಿನಿಯರ್ ಬರೆದ ಪತ್ರಗಳನ್ನು ನಂಬಿ ಆ ಸಮಿತಿ 1907ರ ಕೊನೆಯಲ್ಲಿ ತೀರ್ಪು ಕೊಟ್ಟಿತು: 1839ರಲ್ಲಿ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಆಬ್ನರ್ ಡಬಲ್‌ಡೇ ಬೇಸ್‌ಬಾಲನ್ನು ಕಂಡುಹಿಡಿದ.

ಡಬಲ್‌ಡೇ ಅಂತರ್ಯುದ್ಧದ ಸೇನಾನಿ, ಹಾಗಾಗಿ ಕಥೆಗೆ ಹೇಳಿ ಮಾಡಿಸಿದ ನಾಯಕ. ಆದರೆ 1839ರಲ್ಲಿ ಆತ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಓದುತ್ತಿದ್ದ. ಆಗ ಗ್ರೇವ್ಸ್‌ಗೆ ವಯಸ್ಸು ಐದು! 1893ರಲ್ಲಿ ತೀರಿಕೊಂಡ ಡಬಲ್‌ಡೇ ಈ ಆಟ ತನ್ನದೆಂದು ಒಮ್ಮೆಯೂ ಹೇಳಿಕೊಂಡವನಲ್ಲ. ಇಷ್ಟಾದರೂ 1939ರಲ್ಲಿ ಕೂಪರ್ಸ್‌ಟೌನಿನಲ್ಲೇ ಬೇಸ್‌ಬಾಲಿನ ಕೀರ್ತಿಭವನ ತೆರೆಯಿತು. ಅಲ್ಲಿ ಗೌರವ ಪಡೆದವರಲ್ಲಿ ಡಬಲ್‌ಡೇ ಇಲ್ಲ, ಚಾಡ್ವಿಕ್ ಇದ್ದಾನೆ. ಇದನ್ನು ಓದಿ ನಾನಂತೂ ಒಬ್ಬನೇ ನಕ್ಕೆ.

ನಮ್ಮ ಕಾಸರಗೋಡಿನ ಅಂಗಳಗಳಲ್ಲಿ ಕುಟ್ಟಿದೊಣ್ಣೆ ಆಡುತ್ತಿದ್ದೆವು. ಮಲಯಾಳದ ಗೆಳೆಯರಿಗೆ ಅದು ಕುಟ್ಟಿಯುಂ ಕೋಲುಂ, ಘಟ್ಟದ ಮೇಲಿನವರಿಗೆ ಚಿನ್ನಿದಾಂಡು. ಯಾರ ಭಾಷೆಯಿಂದ ಯಾರಿಗೆ ಬಂತೆಂದು ತೀರ್ಪು ಕೊಡಲು ಯಾರೂ ಸಮಿತಿ ಮಾಡಲಿಲ್ಲ, ಪುಣ್ಯ! ಗಡಿಯಲ್ಲಿ ಪಾಠ ಹೇಳುವ ನನಗೆ ಡಬಲ್‌ಡೇ ಕಥೆ ಅಷ್ಟೊಂದು ಹಿಡಿಸಿದ್ದಕ್ಕೆ ಇದೂ ಕಾರಣವಿರಬೇಕು.

ಅಮೆರಿಕದಲ್ಲಿ ಕ್ರಿಕೆಟ್ ಕೊನೆಯವರೆಗೆ ಉಸಿರಾಡಿದ್ದು ಫಿಲಡೆಲ್ಫಿಯಾದಲ್ಲಿ. ಆ ಊರಿನ ಬಾರ್ಟ್ ಕಿಂಗ್ ಬೇಸ್‌ಬಾಲ್ ಎಸೆದು ಬೆಳೆದ ಹುಡುಗ. ಅಲ್ಲಿ ಕಲಿತ ತಿರುವನ್ನು ಕ್ರಿಕೆಟ್ ಚೆಂಡಿಗೆ ತಂದು, ಗಾಳಿಯಲ್ಲೇ ಒಳಕ್ಕೆ ಬಾಗುವ ಎಸೆತವೊಂದನ್ನು ಪಳಗಿಸಿಕೊಂಡ. 1897ರಲ್ಲಿ ಇಂಗ್ಲೆಂಡಿನ ಹೋವ್ ಮೈದಾನದಲ್ಲಿ ಸಸೆಕ್ಸ್ ತಂಡ 46ಕ್ಕೆ ಆಲೌಟ್. ಕಿಂಗ್‌ಗೆ 13 ರನ್ನಿಗೆ ಏಳು ವಿಕೆಟ್. ಮೊದಲ ಚೆಂಡಿಗೇ ಬೌಲ್ಡ್ ಆದವರಲ್ಲಿ ಒಬ್ಬರು ರಣಜಿತ್‌ಸಿಂಹಜಿ, ನಮ್ಮ ರಣಜಿ ಟ್ರೋಫಿಯ ರಣಜಿ! 1908ರಲ್ಲಿ ಕಿಂಗ್ 87 ವಿಕೆಟ್ ಪಡೆದು ಇಂಗ್ಲೆಂಡಿನ ಬೌಲಿಂಗ್ ಸರಾಸರಿ ಪಟ್ಟಿಯಲ್ಲೇ ಮೊದಲಿಗನಾದ. ಮರುವರ್ಷ ಇಂಗ್ಲೆಂಡ್, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಸೇರಿ ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸ್ ಕಟ್ಟಿಕೊಂಡವು. ಸಾಮ್ರಾಜ್ಯದ ಹೊರಗಿನ ಅಮೆರಿಕಕ್ಕೆ ಅಲ್ಲಿ ಜಾಗವಿರಲಿಲ್ಲ. ಒಬ್ಬರು ಆಟವನ್ನು ತಮ್ಮದೆಂದರು, ಇನ್ನೊಬ್ಬರು ಬಾಗಿಲು ಹಾಕಿದರು.

ಮುಂದೆ 2024ರ ಜೂನ್ 6. ಡಲ್ಲಾಸಿನ ಹೊರವಲಯದ ಗ್ರ್ಯಾಂಡ್ ಪ್ರೇರಿ ಮೈದಾನ. ಮೊದಲು ಅದು ಬೇಸ್‌ಬಾಲಿನ ಮೈದಾನವಾಗಿತ್ತು, ಅದನ್ನೇ ಬದಲಿಸಿ ಕ್ರಿಕೆಟಿಗೆ ಮಾಡಿದ್ದು. ಟಿ20 ವಿಶ್ವಕಪ್ಪಿನಲ್ಲಿ ಅಮೆರಿಕ ಸೂಪರ್ ಓವರಿನಲ್ಲಿ ಪಾಕಿಸ್ತಾನವನ್ನು ಸೋಲಿಸಿತು. ಆ ದಿನ 30 ರನ್ನಿಗೆ ಮೂರು ವಿಕೆಟ್ ಪಡೆದವರು ನೊಸ್ತುಶ್ ಕೆಂಜಿಗೆ. ಹುಟ್ಟಿದ್ದು ಅಲಬಾಮಾದಲ್ಲಿ, ಆಟ ಕಲಿತದ್ದು ಕರ್ನಾಟಕದಲ್ಲಿ. ಮರುದಿನ ಆ ಹುಡುಗ ಪುನಃ ಬಂದ. "ಮಾಷ್ಟ್ರೇ, ಕೆಂಜಿಗೆ ನಮ್ಮವರಾ, ಅಮೆರಿಕದವರಾ?"